ಹಿಂದಿನ ಟಯರ್ ಮತ್ತೆ ಮತ್ತೆ ಹೋಗುತ್ತಿದ್ದರೆ: ಲೋಡ್ ನಂಬರ್, ಆಕ್ಸಲ್ ತೂಕ ಮತ್ತು ಗಾಳಿ ನೋಡಿ ದೋಷ ಹುಡುಕುವ ಕ್ರಮ

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಪಿಕಪ್ಪಿಗೆ ಹೊಸ ಟಯರ್ ಹಾಕಿ ವರ್ಷ ತುಂಬಿಲ್ಲ. ಹಿಂದಿನ ಎರಡರಲ್ಲಿ ಒಂದು ಉಬ್ಬಿದೆ, ಇಲ್ಲವೇ ಬಟನ್ (ರಸ್ತೆಗೆ ತಾಗುವ ಮೇಲಿನ ರಬ್ಬರ್) ಎದ್ದು ಬಂದಿದೆ, ಇಲ್ಲವೇ ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತುವಾಗ ಪಟಾರನೆ ಒಡೆದಿದೆ. ಮುಂದಿನ ಎರಡು ಟಯರ್ ಮಾತ್ರ ಹೊಸದರ ಹಾಗೆ ಇವೆ. ಕಂಪನಿ ಸರಿಯಿಲ್ಲ ಎನ್ನುತ್ತಾರೆ ಒಬ್ಬರು, ರಸ್ತೆ ಸರಿಯಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಬೇರೆ ಕಂಪನಿಯ ಟಯರ್ ಹಾಕಿಸಿದರೂ ಅದೂ ಅಷ್ಟೇ ದಿನ ಬರುತ್ತದೆ.

ನಮ್ಮ ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಪಿಕಪ್ ಎಂದರೆ ಎಲ್ಲಕ್ಕೂ ಅದೇ. ಇವತ್ತು ಮುರಕಲ್ಲು (ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲು), ನಾಳೆ ಅಡಿಕೆ ಚೀಲ, ಏಪ್ರಿಲ್ ಬಂತೆಂದರೆ ನೀರಿನ ಟ್ಯಾಂಕ್. ಹಾಗಾಗಿ ಇಂಥ ಗಾಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಟಯರಿಗೆ ಎಷ್ಟು ತೂಕ ಹೊರುವ ಶಕ್ತಿ ಇದೆ, ಅದರ ಮೇಲೆ ನಿಜವಾಗಿ ಬೀಳುತ್ತಿರುವುದು ಎಷ್ಟು? ಗಾಡಿಯ ಒಟ್ಟು ತೂಕ ಆರ್‌ಸಿ ಲೆಕ್ಕದೊಳಗೇ ಇದ್ದು, ಹಿಂದಿನ ಎರಡು ಟಯರ್ ಮಾತ್ರ ಲೆಕ್ಕ ಮೀರಿರುವುದು ಖಂಡಿತ ಸಾಧ್ಯ. ತುಂಬ ಜನ ಇದನ್ನೇ ನೋಡದೆ ಬಿಡುತ್ತಾರೆ.

ಮೊದಲು ಹಳೆ ಟಯರ್ ನೋಡಿ

ಕಳಚಿದ ಟಯರನ್ನು ಗುಜರಿಗೆ ಕೊಡುವ ಮೊದಲು ಹತ್ತು ನಿಮಿಷ ಕೂತು ನೋಡಿ. ಏನಾಯಿತು ಎಂಬುದು ಅದರಲ್ಲೇ ಇರುತ್ತದೆ.

ಎರಡೂ ಅಂಚು ಸವೆದು ನಡುವೆ ಬಟನ್ ಉಳಿದಿದ್ದರೆ ಗಾಳಿ ಕಡಿಮೆ ಇತ್ತು, ಇಲ್ಲವೇ ಲೋಡ್ ಜಾಸ್ತಿ ಇತ್ತು. ಟಯರಿಗೆ ಇವೆರಡೂ ಒಂದೇ. ಎರಡರಲ್ಲೂ ಅದರ ಬದಿ ಅಗತ್ಯಕ್ಕಿಂತ ಜಾಸ್ತಿ ಬಾಗುತ್ತದೆ. ನಡು ಮಾತ್ರ ಸವೆದಿದ್ದರೆ ಗಾಡಿ ಖಾಲಿ ಓಡುವಾಗ ಗಾಳಿ ಹೆಚ್ಚಾಗಿತ್ತು. ಮುಂದಿನ ಟಯರಿನ ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ನೋಡಬೇಕು, ಲೋಡಿನ ಹಿಂದೆ ಹೋಗಬೇಡಿ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿ.

ಇನ್ನು ಒಳಭಾಗ. ಟ್ಯೂಬ್‌ಲೆಸ್ ಟಯರನ್ನು ರಿಮ್ಮಿನಿಂದ ಬಿಡಿಸಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದರೆ, ಅಥವಾ ಬದಿಯ ಒಳಗೆ ಸುತ್ತಲೂ ಉಜ್ಜಿದ ಪಟ್ಟಿ ಕಂಡರೆ, ಆ ಟಯರ್ ತುಂಬ ಬಾಗಿ ಓಡಿದೆ ಎಂದೇ ಅರ್ಥ. ಒಳಗಿನ ನೂಲು ಆಗಲೇ ದಣಿದಿರುತ್ತದೆ. ಪಂಕ್ಚರ್ ಹಾಕಿ ಮತ್ತೆ ಗಾಳಿ ತುಂಬಿದರೆ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಗಾಳಿ ತುಂಬುವಾಗಲೇ ಬದಿ ಸೀಳಿ ಒಡೆಯಬಹುದು, ಎದುರಿಗೆ ಕೂತವನ ಕೈಕಾಲು ಹೋಗಬಹುದು. ಗಾಳಿ ಇಲ್ಲದೆ ದೂರ ಓಡಿದ ಟಯರನ್ನು ಕಳಚಿ ಒಳಗೆ ನೋಡದೆ ಮತ್ತೆ ಗಾಳಿ ಹಾಕಲೇಬೇಡಿ. ಪಂಕ್ಚರ್ ಅಂಗಡಿಯ ಹುಡುಗನಿಗೂ ಇದನ್ನು ಹೇಳಿ.

ಬದಿಯಲ್ಲಿ ಒಂದೇ ಕಡೆ ಮೊಟ್ಟೆಯ ಹಾಗೆ ಉಬ್ಬಿದ್ದರೆ ಅದು ಹೊಡೆತದ ಗುರುತು. ಅಲ್ಲಿ ಒಳಗಿನ ನೂಲು ತುಂಡಾಗಿದೆ. ನಮ್ಮ ಒಳರಸ್ತೆಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಎಡಗಡೆ ಚಕ್ರವನ್ನು ಡಾಮರಿನಿಂದ ಕೆಳಗಿಳಿಸಬೇಕು, ಮತ್ತೆ ಹತ್ತಿಸಬೇಕು. ಮಳೆಗಾಲ ಕಳೆದ ಮೇಲೆ ಆ ಅಂಚು ಕತ್ತರಿಸಿಟ್ಟ ಹಾಗೆ ನಿಂತಿರುತ್ತದೆ. ಎಡಗಡೆಯ ಹಿಂದಿನ ಟಯರ್ ಜಾಸ್ತಿ ಉಬ್ಬುವುದಕ್ಕೆ ಇದೂ ಒಂದು ಕಾರಣ. ಲೋಡ್ ಮತ್ತು ಗಾಳಿ ಸರಿ ಇದ್ದ ಟಯರ್ ಇಂಥ ಹೊಡೆತವನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಮೊದಲೇ ಅಮುಕಿ ಕೂತ ಟಯರ್ ಆದರೆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ.

ಟಯರಿನ ಬದಿಯಲ್ಲಿ ಬರೆದದ್ದು

ಒಂದು ಬಟ್ಟೆ ಒದ್ದೆ ಮಾಡಿ ಟಯರಿನ ಬದಿ ಒರೆಸಿ. ಪಿಕಪ್ಪಿನ ಟಯರಿನಲ್ಲಿ ಹೀಗೆ ಇರಬಹುದು: 195 ಆರ್ 15 ಎಲ್‌ಟಿ 8 ಪಿಆರ್ 106/104 ಕ್ಯೂ. 195 ಎಂಬುದು ಮಿಲಿಮೀಟರಿನಲ್ಲಿ ಅಗಲ. ಆರ್ ಎಂದರೆ ರೇಡಿಯಲ್. 15 ಎಂಬುದು ಇಂಚಿನಲ್ಲಿ ರಿಮ್ಮಿನ ಅಳತೆ. ಎಲ್‌ಟಿ ಎಂದರೆ ಹಗುರ ಸರಕು ಗಾಡಿಯ ಟಯರ್. ನಮಗೆ ಬೇಕಾದದ್ದು 106/104. ಇದೇ ಲೋಡ್ ಇಂಡೆಕ್ಸ್, ಅಂಗಡಿಯ ಮಾತಿನಲ್ಲಿ ಲೋಡ್ ನಂಬರ್. ಇದು ಕಿಲೋ ಅಲ್ಲ, ಒಂದು ಪಟ್ಟಿಯ ಕ್ರಮಸಂಖ್ಯೆ. ಆ ಪಟ್ಟಿ ಎಲ್ಲ ಕಂಪನಿಗಳಿಗೂ ಒಂದೇ. 106 ಅಂದರೆ 950 ಕಿಲೋ, 104 ಅಂದರೆ 900 ಕಿಲೋ. ಒಂದು ಬದಿಗೆ ಒಂದೇ ಟಯರ್ ಇದ್ದರೆ ಮೊದಲನೇ ನಂಬರ್. ಲಾರಿಯ ಹಾಗೆ ಒಂದು ಬದಿಗೆ ಜೋಡಿ ಟಯರ್ ಇದ್ದರೆ ಎರಡನೇ ನಂಬರ್.

ಕೆಲವು ನಂಬರ್‌ಗಳು ಬರೆದಿಟ್ಟುಕೊಳ್ಳುವಂಥವು: 75ಕ್ಕೆ 387 ಕಿಲೋ, 82ಕ್ಕೆ 475, 85ಕ್ಕೆ 515, 91ಕ್ಕೆ 615, 95ಕ್ಕೆ 690, 100ಕ್ಕೆ 800, 104ಕ್ಕೆ 900, 108ಕ್ಕೆ 1,000, 110ಕ್ಕೆ 1,060. ಇದು ಒಂದು ಟಯರಿಗೆ, ಅದಕ್ಕೆ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ. ಕೊನೆಯ ಅಕ್ಷರ ವೇಗದ ಮಿತಿ. ಕ್ಯೂ ಅಂದರೆ 160 ಕಿಲೋಮೀಟರ್. ನಮ್ಮ ಗಾಡಿಗಳಿಗೆ ಅದು ತಲೆನೋವಿನ ವಿಷಯ ಅಲ್ಲ.

8 ಪಿಆರ್ ಎಂಬುದು ಪ್ಲೈ ರೇಟಿಂಗ್. ಒಳಗೆ ನಿಜವಾಗಿ ಎಂಟು ಪದರ ಇರಬೇಕೆಂದಿಲ್ಲ. ಅಷ್ಟು ಪದರದ ಹಳೆ ಕಾಲದ ಟಯರಿನಷ್ಟು ಗಟ್ಟಿ ಎಂದು ಅರ್ಥ. ಪ್ಲೈ ನೋಡಿ ತೂಕ ಊಹಿಸುವುದಕ್ಕಿಂತ ಲೋಡ್ ನಂಬರ್ ನೋಡುವುದೇ ಸರಿ.

ಇಲ್ಲೇ ಸಿಗುವ ಒಂದು ದೊಡ್ಡ ದೋಷ ಇದೆ. ಪಿಕಪ್ಪಿಗೆ 195ರ ಬದಲು 215/75 ಆರ್ 15 ಹಾಕಿಸಿರುತ್ತಾರೆ. ರಿಮ್ಮಿಗೆ ಕೂರುತ್ತದೆ, ಅಗಲ ಜಾಸ್ತಿ, ನೋಡಲೂ ದಷ್ಟಪುಷ್ಟ. ಆದರೆ ಜೀಪು, ಎಸ್‌ಯುವಿಗಳಿಗೆಂದು ಬರುವ ಆ ಅಳತೆಯ ಟಯರಿನ ಮೇಲೆ 100 ಎಸ್ ಎಂದಿರುತ್ತದೆ, ಅಂದರೆ 800 ಕಿಲೋ. ಮೊದಲಿದ್ದದ್ದು 950. ಒಂದೊಂದು ಟಯರಿಗೆ 150 ಕಿಲೋ ಶಕ್ತಿ ಕಮ್ಮಿಯಾಯಿತು. ಅಗಲ ನೋಡಿ ಟಯರ್ ತೆಗೆದುಕೊಳ್ಳಬೇಡಿ. ಲೋಡ್ ನಂಬರ್ ಗಾಡಿಯ ಕಂಪನಿ ಹೇಳಿದ್ದಕ್ಕಿಂತ ಒಂದಂಕಿಯೂ ಕೆಳಗಿರಬಾರದು.

ವೇಬ್ರಿಜ್ಜಿಗೆ ಹೋಗಿ

ಊಹೆಯಿಂದ ಇದು ಬಗೆಹರಿಯುವುದಿಲ್ಲ. ನೀವು ದಿನಾ ಹೇರುವ ಲೋಡನ್ನೇ ಹೇರಿಕೊಂಡು, ದಿನಾ ಜೊತೆಗೆ ಬರುವವರನ್ನೇ ಕೂರಿಸಿಕೊಂಡು ವೇಬ್ರಿಜ್ಜಿಗೆ ಹೋಗಿ. ಒಂದು ಸಲ ಅಲ್ಲ, ಮೂರು ಸಲ ತೂಕ ಬೇಕು ಎಂದು ಮೊದಲೇ ಹೇಳಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು. ಪೂರ್ತಿ ಹತ್ತಿಸಿ ಒಂದು. ಮುಂದಿನದ್ದನ್ನು ಇಳಿಸಿ ಹಿಂದಿನ ಚಕ್ರ ಮಾತ್ರ ಇಟ್ಟು ಇನ್ನೊಂದು. ಹ್ಯಾಂಡ್‌ಬ್ರೇಕ್ ಹಾಕಬೇಡಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ. ಮೊದಲನೆಯದೂ ಮೂರನೆಯದೂ ಕೂಡಿದರೆ ನಡುವಿನದಕ್ಕೆ ಹೆಚ್ಚು ಕಡಿಮೆ ಸಮ ಬರಬೇಕು. ತುಂಬ ವ್ಯತ್ಯಾಸ ಬಂದರೆ ಹತ್ತುವ ಇಳಿಯುವ ಜಾಗ ಸಮತಟ್ಟಿಲ್ಲ, ಮತ್ತೊಮ್ಮೆ ಮಾಡಿಸಿ. ನೆಲಮಟ್ಟದ ವೇಬ್ರಿಜ್ ಆಗಿದ್ದರೆ ಎಡಗಡೆಯ ಚಕ್ರಗಳನ್ನು ಮಾತ್ರ ಇಟ್ಟು ಇನ್ನೊಂದು ತೂಕ ತೆಗೆಯಬಹುದು. ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಎಂದು ತಿಳಿಯುತ್ತದೆ.

ಮನೆಗೆ ಬಂದು ಆರ್‌ಸಿ ಪಕ್ಕದಲ್ಲಿಡಿ. ಅದರಲ್ಲಿ ಖಾಲಿ ಗಾಡಿಯ ತೂಕವೂ ಲೋಡ್ ಸಹಿತ ಒಟ್ಟು ತೂಕವೂ ಇರುತ್ತದೆ. ಸರಕು ಗಾಡಿಗಳಿಗೆ ಆಕ್ಸಲ್ ತೂಕದ, ಅಂದರೆ ಒಂದು ಅಚ್ಚಿನ ಎರಡೂ ಬದಿಯ ಚಕ್ರ ಸೇರಿ ಹೊರುವ ಭಾರದ, ಮಿತಿಯೂ ದಾಖಲಾಗಿರುತ್ತದೆ. ಕಾಣದಿದ್ದರೆ ಗಾಡಿಯ ಜೊತೆ ಬಂದ ಪುಸ್ತಕ ನೋಡಿ. ಒಂದು ವಿಷಯ ಗಮನದಲ್ಲಿರಲಿ. ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಚಾಲಕನೂ ಸಹಾಯಕನೂ ಸೇರುವುದಿಲ್ಲ. ಅವರ ತೂಕ ಲೋಡಿನ ಲೆಕ್ಕದಿಂದಲೇ ಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಆರ್‌ಸಿಯ ಅಂಕಿ ಹಾಕಿಕೊಳ್ಳಿ. ಪಿಕಪ್ಪಿನ ಖಾಲಿ ತೂಕ 1,600 ಕಿಲೋ, ಒಟ್ಟು ಮಿತಿ 2,900. ಮುಂದಿನ ಆಕ್ಸಲ್ ಮಿತಿ 1,200, ಹಿಂದಿನದು 1,800. ಟಯರ್ 106, ಅಂದರೆ ಹಿಂದಿನ ಎರಡು ಸೇರಿ 1,900. ಇಬ್ಬರು ಕೂತರೆ 140 ಕಿಲೋ. ಈಗ ಗಾಡಿ 1,740: ಮುಂದೆ 990, ಹಿಂದೆ 750. ಹೇರಲು ಉಳಿದದ್ದು 1,160. ಒಂದು ಮುರಕಲ್ಲು 30 ಕಿಲೋ ಎಂದಿಟ್ಟುಕೊಂಡರೆ 38 ಕಲ್ಲು.

ಸರಿಯಾಗಿ, ಕ್ಯಾಬಿನ್ ಕಡೆಯಿಂದ ಹೇರಿಕೊಂಡು ಬಂದರೆ ಆ 1,160ರಲ್ಲಿ 200 ಮುಂದಕ್ಕೆ ಹೋಗುತ್ತದೆ, 960 ಹಿಂದಕ್ಕೆ. ಮುಂದೆ 1,190, ಹಿಂದೆ 1,710. ಹಿಂದಿನ ಒಂದೊಂದು ಟಯರಿಗೆ 855. ಎಲ್ಲ ಸುಸೂತ್ರ.

ಅಷ್ಟೇ ತೂಕದ ಬೇರೆ ಲೋಡ್ ತೆಗೆದುಕೊಳ್ಳಿ. ಉದ್ದದ ಮರ ಅಥವಾ ಕಬ್ಬಿಣದ ಪೈಪು, ಹಿಂದಿನ ಡೋರ್ ಇಳಿಸಿ ಹೊರಗೆ ಚಾಚಿದೆ. ಲೋಡಿನ ನಡುಬಿಂದು ಹಿಂದಿನ ಆಕ್ಸಲಿನಿಂದಲೂ ಸ್ವಲ್ಪ ಹಿಂದಕ್ಕೆ ಹೋಯಿತು. ಈಗ ಲೋಡ್ ಮುಂದಿನ ಚಕ್ರವನ್ನು ಎತ್ತಲು ನೋಡುತ್ತದೆ. ಮುಂದೆ 930 ಆದರೆ ಹಿಂದೆ 1,970. ಒಟ್ಟು ಅದೇ 2,900. ವೇಬ್ರಿಜ್ಜಿನ ಒಂದೇ ಚೀಟಿ ಹಿಡಿದುಕೊಂಡರೆ ಯಾವ ತಪ್ಪೂ ಇಲ್ಲ. ಆದರೆ ಆಕ್ಸಲ್ ಮಿತಿ 170 ಕಿಲೋ ಮೀರಿದೆ, ಒಂದೊಂದು ಟಯರ್ 985 ಹೊರುತ್ತಿದೆ. ಮುಂದಿನ ಚಕ್ರ ಹಗುರಾದ್ದರಿಂದ ಸ್ಟಿಯರಿಂಗೂ ತೇಲಿದ ಹಾಗಾಗುತ್ತದೆ. ಇದಕ್ಕೆಲ್ಲ ಲೋಡ್ ಎಷ್ಟು ಹಿಂದೆ ಸರಿಯಬೇಕು ಗೊತ್ತಾ? ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ 2.6 ಮೀಟರ್ ಇರುವ ಗಾಡಿಯಲ್ಲಿ ಸುಮಾರು 58 ಸೆಂಟಿಮೀಟರ್. ಎರಡು ಅಡಿಯೂ ಇಲ್ಲ.

ಇನ್ನು 60 ಕಲ್ಲು ಹೇರಿದರೆ? ಚೆನ್ನಾಗಿಯೇ ಜೋಡಿಸಿದರೂ ಹಿಂದೆ 2,240 ಬರುತ್ತದೆ. ಒಂದೊಂದು ಟಯರಿಗೆ 1,120. ಶಕ್ತಿ 950. ಮೊದಲ ದಿನವೇ ಒಡೆಯುವುದಿಲ್ಲ, ಅದೇ ಕಷ್ಟ. ಪ್ರತಿ ಸುತ್ತಿಗೂ ಬದಿ ಜಾಸ್ತಿ ಬಾಗುತ್ತದೆ, ಬಿಸಿ ಜಾಸ್ತಿ ಹುಟ್ಟುತ್ತದೆ, ಒಳಗೆ ರಬ್ಬರಿಗೂ ನೂಲಿಗೂ ಇರುವ ಹಿಡಿತ ನಿಧಾನಕ್ಕೆ ಬಿಡುತ್ತದೆ. ಒಡೆಯುವ ದಿನ ಗಾಡಿಯಲ್ಲಿ ಇಪ್ಪತ್ತೇ ಕಲ್ಲು ಇರಬಹುದು. ಆಗ ‘ಲೋಡೇ ಇರಲಿಲ್ಲ ಮಾರಾಯ್ರೆ, ಆದರೂ ಒಡೆಯಿತು’ ಅನ್ನುತ್ತಾರೆ. ಹೇಳುವುದು ಸುಳ್ಳಲ್ಲ. ಕಾರಣ ಮಾತ್ರ ಆರು ತಿಂಗಳ ಹಿಂದಿನದು.

ಮಳೆಗಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಮುರಕಲ್ಲಿಗೆ ತೂತು ಜಾಸ್ತಿ, ನೀರು ಕುಡಿಯುತ್ತದೆ. ನೂರಕ್ಕೆ ಹತ್ತು ಪಾಲು ಕುಡಿದರೂ ಕಲ್ಲಿಗೆ 3 ಕಿಲೋ, 38 ಕಲ್ಲಿಗೆ 114 ಕಿಲೋ. ಹೆಚ್ಚು ಕಡಿಮೆ ನಾಲ್ಕು ಕಲ್ಲಿನ ಭಾರ ಕಣ್ಣಿಗೆ ಕಾಣದೆ ಹತ್ತಿತು. ಒದ್ದೆ ಮರಳು, ಹಸಿ ಸೌದೆಯೂ ಹಾಗೆಯೇ. ನೀರಿನ ಟ್ಯಾಂಕಿನ ಲೆಕ್ಕ ಸುಲಭ, ಲೀಟರಿಗೆ ಒಂದು ಕಿಲೋ. ಈ ಗಾಡಿಗೆ 1,000 ಲೀಟರ್ ಸರಿ, 2,000 ಲೀಟರ್ ಆಗುವುದೇ ಇಲ್ಲ. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಿರುವಿಗೆ ತುಳುಕಿ ಎಲ್ಲ ಭಾರವನ್ನೂ ಹೊರಬದಿಯ ಟಯರಿನ ಮೇಲೆ ಹಾಕುತ್ತದೆ. ಇದನ್ನೂ ನೆನಪಿಡಿ.

ಗಾಳಿ

ತೂಕ ಸರಿ ಇದ್ದೂ ಟಯರ್ ಹೋಗುತ್ತಿದ್ದರೆ ನನಗೆ ಮೊದಲ ಅನುಮಾನ ಗಾಳಿಯ ಮೇಲೆ. 195 ಆರ್ 15ರ 106 ನಂಬರಿನ ಟಯರ್ 950 ಕಿಲೋ ಹೊರುವುದು ಗಾಳಿಯ ಒತ್ತಡ 65 ಪಿಎಸ್‌ಐ ಇದ್ದಾಗ. ಖಾಲಿ ಓಡುವಾಗ ಕುಣಿಯುತ್ತದೆ ಎಂದು 45 ಹಾಕಿಸಿ ಹಾಗೇ ಬಿಟ್ಟರೆ ಶಕ್ತಿ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ, 700 ಚಿಲ್ಲರೆ ಕಿಲೋ. ಮೇಲಿನ ಲೆಕ್ಕದಲ್ಲಿ 38 ಕಲ್ಲಿಗೇ ಒಂದೊಂದು ಟಯರಿಗೆ 855 ಇತ್ತಲ್ವಾ? ಕಾನೂನಿನ ಪ್ರಕಾರ ಸರಿಯಾದ ಲೋಡೇ ಈಗ ಟಯರಿಗೆ ಓವರ್‌ಲೋಡ್ ಆಯಿತು.

ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಖಾಲಿ ಗಾಡಿಗೆ ಎಷ್ಟು, ಲೋಡಿಗೆ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಬೇರೆ ಬೇರೆ ಕೊಟ್ಟಿರುತ್ತಾರೆ. ಅದನ್ನೇ ಹಾಕಿಸಿ. ಟಯರಿನ ಬದಿಯಲ್ಲಿ ಬರೆದ ಗರಿಷ್ಠ ಅಂಕಿ ದಾಟಬೇಡಿ. ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡುವ ಗಾಳಿಯೇ ಲೆಕ್ಕಕ್ಕೆ ಬರುವುದು. ಪಂಕ್ಚರ್ ಅಂಗಡಿಯ ಗೇಜು ಬಿದ್ದು ಎದ್ದು ಹಾಳಾಗಿರಬಹುದು. ಒಂದು ಒಳ್ಳೆಯ ಸ್ವಂತ ಗೇಜು ಗಾಡಿಯಲ್ಲಿರಲಿ.

ಈ ಗೇಜಿನಿಂದ ಇನ್ನೊಂದು ಪರೀಕ್ಷೆ ಮಾಡಬಹುದು. ಬೆಳಿಗ್ಗೆ ತಣ್ಣಗಿರುವಾಗ ಅಳೆದು ಬರೆದುಕೊಳ್ಳಿ. ಲೋಡ್ ಹೇರಿ ಬದಿಯಡ್ಕದಿಂದ ಪೆರ್ಲ ದಾಟಿ ಅಡ್ಕಸ್ಥಳದ ತನಕ ಹೋಗಿ, ನಿಲ್ಲಿಸಿ, ಕೂಡಲೇ ಮತ್ತೆ ಅಳೆಯಿರಿ. ಸ್ವಲ್ಪ ಏರುವುದು ಸಹಜ. ತಣ್ಣಗಿದ್ದದ್ದರ ಐದನೇ ಒಂದು ಪಾಲಿಗಿಂತ ಜಾಸ್ತಿ ಏರಿದ್ದರೆ ಟಯರ್ ಅತಿಯಾಗಿ ಬಿಸಿಯಾಗುತ್ತಿದೆ. ಹೊರಟಾಗ ಗಾಳಿ ಕಮ್ಮಿ ಇತ್ತು, ಇಲ್ಲವೇ ಲೋಡ್ ಜಾಸ್ತಿ ಇದೆ. ಏರಿದೆ ಎಂದು ಬಿಸಿ ಟಯರಿನಿಂದ ಗಾಳಿ ಬಿಡಬೇಡಿ. ತಣ್ಣಗಾದಾಗ ಅದು ಇನ್ನೂ ಕೆಳಗೆ ಕೂರುತ್ತದೆ, ಮರುದಿನದ ಬಿಸಿ ಮತ್ತೂ ಜಾಸ್ತಿ.

ಅದೇ ನಿಲುಗಡೆಯಲ್ಲಿ ಕೈಯ ಹಿಂಬದಿಯನ್ನು ರಿಮ್ಮಿನ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ. ರಿಮ್ಮಿನ ನಡುವಿನಿಂದಲೇ ಬಿಸಿ ಹೊಡೆಯುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ರಿಮ್ ಹದವಾಗಿದ್ದು ಟಯರಿನ ಅಂಚು ಮಾತ್ರ ಸುಡುತ್ತಿದ್ದರೆ ದೋಷ ಲೋಡಿನದು ಅಥವಾ ಗಾಳಿಯದು. ಈ ಒಂದು ವ್ಯತ್ಯಾಸ ಗೊತ್ತಾದರೆ ಸುಮ್ನೆ ಬ್ರೇಕ್ ಬಿಚ್ಚಿಸುವ ಖರ್ಚು ಉಳಿಯುತ್ತದೆ.

ದೊಡ್ಡ ನಂಬರಿನ ಟಯರ್ ಹಾಕಿದರೆ ಆಗದೇ?

ತುಂಬ ಜನ ಕೇಳುವ ಪ್ರಶ್ನೆ. 110ರ ಟಯರ್ ಹಾಕಿದರೆ ಎರಡಕ್ಕೆ 2,120 ಕಿಲೋ ಆಯಿತು, ಇನ್ನೊಂದಿಷ್ಟು ಕಲ್ಲು ಹೇರಬಹುದಲ್ಲ ಎಂದು. ಆಗುವುದಿಲ್ಲ. ಆಕ್ಸಲ್ 1,800ರದ್ದೇ. ಪ್ಲೇಟು (ಸ್ಪ್ರಿಂಗ್ ಪಟ್ಟಿ), ಹೌಸಿಂಗ್, ಬೇರಿಂಗ್, ವೀಲ್ ಬೋಲ್ಟ್, ಬ್ರೇಕ್ ಯಾವುದೂ ಬದಲಾಗಿಲ್ಲ. ರಿಮ್ಮಿಗೂ ಅದರದೇ ಮಿತಿ ಇದೆ. ಟಯರ್ ತಡೆದುಕೊಂಡರೆ ಆ ಭಾರ ಬೇರೆ ಕಡೆ ಬಾಕಿ ವಸೂಲಿ ಮಾಡುತ್ತದೆ: ಪ್ಲೇಟು ತುಂಡಾಗುತ್ತದೆ, ಬೋಲ್ಟಿನ ತೂತಿನಿಂದ ರಿಮ್ ಸೀಳುತ್ತದೆ. ಹೆಚ್ಚುವರಿ ಪ್ಲೇಟು ಸೇರಿಸಿದರೆ ಗಾಡಿ ತಗ್ಗಿದ ಹಾಗೆ ಕಾಣುವುದಿಲ್ಲ ಅಷ್ಟೆ. ಟಯರಿನ ಮೇಲಿನ ಕಿಲೋ ಒಂದು ಗ್ರಾಮೂ ಇಳಿಯುವುದಿಲ್ಲ. ತಗ್ಗಿದ್ದು ಕಾಣದಿರುವುದೇ ಅಪಾಯ ಎಂದು ನನ್ನ ಅಭಿಪ್ರಾಯ. ಟಯರ್, ಆಕ್ಸಲ್, ಆರ್‌ಸಿಯ ಒಟ್ಟು ತೂಕ, ಈ ಮೂರರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಮ್ಮ ಮಿತಿ.

2018ರಲ್ಲಿ ಸರ್ಕಾರ ಲೋಡ್ ಮಿತಿ ಏರಿಸಿದೆಯಲ್ಲ ಎಂದೂ ಹೇಳುತ್ತಾರೆ. ಆ ವರ್ಷ ಜುಲೈಯಲ್ಲಿ ಏರಿದ್ದು ಭಾರಿ ಲಾರಿಗಳ ಆಕ್ಸಲ್ ಮಿತಿ. ನಾಲ್ಕು ಟಯರಿನ ಒಂಟಿ ಆಕ್ಸಲಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಪಿಕಪ್ಪಿಗೆ ಅದರಿಂದ ಏನೂ ಬರಲಿಲ್ಲ. ದಂಡದ ವಿಷಯಕ್ಕೆ ಬಂದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಜಾಸ್ತಿಯಾದ ಟನ್ನಿಗೆ 2,000 ಎಂದಿದೆ. ಜಾಸ್ತಿ ಇರುವುದನ್ನು ಇಳಿಸದೆ ಗಾಡಿ ಬಿಡುವುದಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ರಾಜಿಯಲ್ಲಿ ಕಟ್ಟಿಸಿಕೊಳ್ಳುವ ಮೊತ್ತವನ್ನು ಆಯಾ ರಾಜ್ಯ ನಿಗದಿ ಮಾಡುತ್ತದೆ. ಹಾಗಾಗಿ ರಾಜ್ಯದ ಗಡಿ ತಲಪಾಡಿಯ ಈಚೆ ಒಂದು, ಆಚೆ ಒಂದು ಇರಬಹುದು.

ಜೋಡಿ ಟಯರ್ ಇರುವ ಗಾಡಿಗೆ

ಇಲ್ಲಿ ಕಳ್ಳ ಒಳಗಿನ ಟಯರ್. ಅದರ ವಾಲ್ವಿಗೆ ಕೈ ಹಾಕುವುದು ಕಷ್ಟ, ಹಾಗಾಗಿ ಯಾರೂ ಗಾಳಿ ನೋಡುವುದಿಲ್ಲ. ಒಳಗಿನದು ಇಳಿದರೆ ಹೊರಗಿನದು ಅದರ ಪಾಲನ್ನೂ ಹೊರುತ್ತದೆ, ಆಮೇಲೆ ಹೊರಗಿನದೇ ಒಡೆಯುತ್ತದೆ. ಒಡೆದದ್ದನ್ನು ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಹೊಸದನ್ನೂ ಸವೆದದ್ದನ್ನೂ ಜೋಡಿ ಮಾಡಬೇಡಿ, ಎತ್ತರದ ಟಯರಿಗೇ ಭಾರ ಪೂರ್ತಿ ಬೀಳುತ್ತದೆ. ಕೋರೆಯಿಂದ ಹೊರಟ ಮೇಲೆ ಎರಡರ ನಡುವೆ ಕಲ್ಲಿನ ಚೂರು ಸಿಕ್ಕಿದೆಯೇ ಎಂದು ಒಮ್ಮೆ ಇಳಿದು ನೋಡಿ. ರೀಸೋಲ್ (ಸವೆದ ಮೇಲೆ ಹೊಸ ಬಟನ್ ಅಂಟಿಸಿದ) ಟಯರ್ ಇದ್ದರೆ ಹಿಂದಕ್ಕೆ ಹಾಕಿ, ಮುಂದಕ್ಕೆ ಬೇಡ.

ಎಲ್ಲ ಸರಿ ಇದ್ದೂ ಹೋದರೆ

ಆಗ ವಯಸ್ಸು ನೋಡಿ. ಬದಿಯಲ್ಲಿ ಪುಟ್ಟ ಚೌಕದೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿಯಲ್ಲಿ ಹುಡುಕಿ. ಬಟನ್ ಎಷ್ಟೇ ಇರಲಿ, ಬದಿಯಲ್ಲಿ ಕೂದಲೆಳೆಯ ಬಿರುಕು ಬಿದ್ದಿದ್ದರೆ ಲೋಡ್ ಹೊರುವ ಗಾಡಿಗೆ ಅದು ಬೇಡ. ಬಟನ್ ನಡುವಿನ ಸಣ್ಣ ದಿಣ್ಣೆಗೆ ಸವೆತ ಮುಟ್ಟಿದರೆ, ಅಂದರೆ 1.6 ಮಿಲಿಮೀಟರಿಗೆ ಬಂದರೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ತೂಕದ ಚೀಟಿ, ಗಾಳಿಯ ಲೆಕ್ಕ, ತಯಾರಾದ ವಾರ ಎಲ್ಲವೂ ಸರಿ ಇದ್ದು, ಒಳಗೆ ರಬ್ಬರ್ ಪುಡಿಯೂ ಇಲ್ಲದೆ ಬಟನ್ ಎದ್ದಿದ್ದರೆ ಮಾತ್ರ ಅದು ತಯಾರಿಕೆಯ ದೋಷ ಇರಬಹುದು. ಬಿಲ್ಲು ಹಿಡಿದುಕೊಂಡು ಡೀಲರ್ ಹತ್ತಿರ ಹೋಗಿ. ತೂಕದ ಚೀಟಿಗಳೂ ಕೈಯಲ್ಲಿರಲಿ, ಓವರ್‌ಲೋಡ್ ಎಂದು ತಳ್ಳಿಹಾಕುವುದು ಅವರಿಗೆ ಅಷ್ಟು ಸುಲಭ ಆಗುವುದಿಲ್ಲ.

ಸ್ಟೆಪ್ನಿಯ ಲೋಡ್ ನಂಬರನ್ನೂ ಇವತ್ತೇ ನೋಡಿಬಿಡಿ. ಹಳೆಯ ಕಡಿಮೆ ನಂಬರಿನದನ್ನು ಹಿಂದೆ ಹಾಕಿಕೊಂಡು ಪೂರ್ತಿ ಲೋಡಿನಲ್ಲಿ ಮನೆಗೆ ಬರಬಾರದು. ಅದರಲ್ಲಿ ಹಿಂದಿನ ಟಯರಿಗೆ ಬೇಕಾದಷ್ಟು ಗಾಳಿ ಇಟ್ಟಿರಿ, ಜಾಸ್ತಿ ಇದ್ದರೆ ದಾರಿಯಲ್ಲಿ ಬಿಡಬಹುದು, ಕಮ್ಮಿ ಇದ್ದರೆ ತುಂಬಲಾಗುವುದಿಲ್ಲ. ಲೋಡ್ ಸಮೇತ ಗಾಡಿ ಎತ್ತಬೇಕಾದರೆ ಜ್ಯಾಕ್ ಅಷ್ಟು ಭಾರದ್ದೇ ಆಗಿರಬೇಕು. ಮಳೆಯಲ್ಲಿ ನೆನೆದ ಮಣ್ಣಿಗೆ ಜ್ಯಾಕ್ ಇಳಿದುಹೋಗುತ್ತದೆ, ಅಡಿಗೆ ಒಂದು ದಪ್ಪ ಹಲಗೆ ಬೇಕು. ಆ ಹಲಗೆ ಗಾಡಿಯಲ್ಲೇ ಇರಲಿ, ಎದುರು ಚಕ್ರಕ್ಕೆ ಅಡ್ಡ ಕೊಡಲು ಎರಡು ಕಲ್ಲನ್ನು ಲೋಡಿನಿಂದಲೇ ತೆಗೆಯಿರಿ.